ಗಂಟಕ್ಕ ಮತ್ತು ಹಳೆಯ ಅಳತೆ

ಕೃತಕ ಕಾಲು ಮಾಡುವ ನಮ್ಮ ಕಾರ್ಖಾನೆಯಲ್ಲಿ ಅಳತೆಯ ದಾಖಲೆ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಗಂಟಕ್ಕ ಎನ್ನುತ್ತಿದ್ದೆವು. ಒಬ್ಬೊಬ್ಬರ ಅಳತೆ, ಚಿತ್ರ, ಟಿಪ್ಪಣಿಗಳನ್ನು ಕಂಪ್ಯೂಟರಿನಲ್ಲಿ ಒಂದೇ ಗಂಟಾಗಿ ಕಟ್ಟಿಡುವುದು ಅವರ ಕೆಲಸ. ಮೌಸ್ ಮುಟ್ಟಿದವರಲ್ಲ. ಕಪ್ಪು ಪರದೆಯ ಮೇಲೆ ಪುಟ್ಟದೊಂದು ಆಜ್ಞೆ ಟೈಪ್ ಮಾಡಿ, ಕನ್ನಡಕ ಹಣೆಗೇರಿಸಿಕೊಂಡು ಕಾಯುವರು. ಆ ಭಂಗಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಲ್ಲಿಗೆ ಕಂಪ್ಯೂಟರ್ ನೋಡಿಕೊಳ್ಳಲು ಸೇರಿದ ನಾನು ಬಿಸಿರಕ್ತದವನು. ಹೊಸ ಕಂಪ್ಯೂಟರುಗಳು ಬಂದವು; ಇಪ್ಪತ್ತು ವರ್ಷದ ಹಳೆಯ ಪ್ರೋಗ್ರಾಂ ಅವುಗಳಲ್ಲಿ ಓಡದು. ಗಂಟು ಕಟ್ಟಲು ಹೊಸ ಪ್ರೋಗ್ರಾಂ ಹಾಕಿದೆ. ಅದು ಹಳೆಯ ಗಂಟುಗಳನ್ನೆಲ್ಲ 'ಹಾಳಾಗಿದೆ' ಎಂದು ತಳ್ಳಿಹಾಕಿತು. ಹಾಳಾದದ್ದನ್ನು ಇಟ್ಟುಕೊಂಡು ಏನು ಪ್ರಯೋಜನ? ಶುಕ್ರವಾರ ಅಳಿಸಿಬಿಡುವುದೆಂದು ತೀರ್ಮಾನಿಸಿದೆ.

ಗುರುವಾರ ಬೆಳಿಗ್ಗೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಕುಂಟುತ್ತ ಬಂದರು. ಅವರಿಗೆ ಒಂದು ಕಾಲಿಲ್ಲ; ಬೇರೆ ಕಡೆ ಒಂದಾದ ಮೇಲೊಂದು ಮಾಡಿಸಿದ ಎರಡು ಕೃತಕ ಕಾಲುಗಳೂ ಹುಣ್ಣು ಮಾಡಿದ್ದವು. ಹದಿನೆಂಟು ವರ್ಷದ ಹಿಂದೆ ನಾವು ಮಾಡಿಕೊಟ್ಟಿದ್ದಂಥ ಕಾಲೇ ಬೇಕೆಂದರು.

"ಆ ಅಳತೆ ಹಾಳಾಗಿದೆ ಅಕ್ಕಾ," ಎಂದೆ.

"ಯಾರು ಹೇಳಿದ್ದು?"

"ಹೊಸ ಪ್ರೋಗ್ರಾಂ."

"ನಿನ್ನೆ ಬಂದಿದ್ದಕ್ಕೆ ಏನು ಗೊತ್ತು! ಹಳೇದು ಗಂಟಿನ ಕೊನೇಲಿ ಒಂದು ಅಂಕಿ ತಪ್ಪು ಬರೀತಿತ್ತು. ಮೊದಲಿಂದ್ಲೂ ಅದರ ಚಾಳಿ. ಬಿಚ್ಚುವಾಗ ತಪ್ಪಿದೆ ಅಂತ ಗೊಣಗೋದು, ಆದ್ರೆ ಒಳಗಿದ್ದದ್ದನ್ನೆಲ್ಲ ಕೊಡೋದು. ನಿಂದು ಆ ಒಂದು ತಪ್ಪಿಗೆ ಎಲ್ಲಾನೂ ಬಿಸಾಕ್ತಿದೆ. ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೋ?"

ನನ್ನ ಮುಖ ಸಪ್ಪಗಾಯಿತು. "ಹಾಗಾದ್ರೆ ಆ ತಪ್ಪನ್ನ ಹೊಸದೂ ಒಪ್ಕೋಬೇಕಾ?"

"ಒಪ್ಕೋಬೇಕು. ಆಜ್ಞೆನೂ ಹಳೇದೇ ಇರಲಿ. ನನ್ನ ಬೆರಳಿಗೆ ಈ ವಯಸ್ಸಲ್ಲಿ ಪಾಠ ಹೇಳಕ್ಕೆ ಬರ್ಬೇಡ."

ಊಟ ಬಿಟ್ಟು ಕೂತು, ಹಳೆಯ ಆಜ್ಞೆ ಕೊಟ್ಟರೆ ಹೊಸ ಪ್ರೋಗ್ರಾಂ ಗೊಣಗಿಕೊಂಡಾದರೂ ಗಂಟು ಬಿಚ್ಚುವಂತೆ ಮಾಡಿದೆ. ಅಕ್ಕ ಟೈಪ್ ಮಾಡಿದರು. ಪೋಸ್ಟ್‌ಮ್ಯಾನರ ಅಳತೆಗಳು ಒಂದೂ ಬಿಡದೆ ಹೊರಬಂದವು. ನಾಲ್ಕು ಸಾವಿರ ಜನರ ಅಳತೆಗಳನ್ನು ಮರುದಿನ ಅಳಿಸುವವನಿದ್ದೆ.

ಅಕ್ಕ ತೀರಿಕೊಂಡು ಆರು ವರ್ಷವಾಯಿತು. ಹಾಗೆ ಹಕ್ಕಿನಿಂದ ಬೈಯುವವರು ಈಗ ಯಾರೂ ಇಲ್ಲ. ಅವರ ನೆನಪಾದಾಗಲೆಲ್ಲ ಪೋಸ್ಟ್‌ಮ್ಯಾನರ ಕಾಲು ಸಿದ್ಧವಾದ ದಿನವೇ ಮನಸ್ಸಿಗೆ ಬರುತ್ತದೆ.

ಅವತ್ತು ಅವರು ಹೊಸ ಕಾಲು ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ನಡೆದರು. ಅಕ್ಕ ಬಾಗಿಲಲ್ಲಿ ನಿಂತು, "ಕಾಲು ಎಲ್ಲಾದ್ರೂ ಒತ್ತುತ್ತಾ?" ಎಂದು ಕೇಳಿದರು.

ಪೋಸ್ಟ್‌ಮ್ಯಾನ್ ನಿಂತು ಬಗ್ಗಿ ಎರಡೂ ಕಾಲುಗಳನ್ನು ಒಂದೊಂದಾಗಿ ನೋಡಿಕೊಂಡರು.

"ಯಾವ ಕಾಲಮ್ಮಾ?"