ಏಳನೇ ಪೋರ್ಟಿನ ಮನೆ

ಗಿರೀಶ್ ನಿಮ್ಮ ಕರೆಯನ್ನು ಒಮ್ಮೆಯೂ ಕಟ್ ಮಾಡಿರಲಿಲ್ಲ, ಸುಮಿತ್ರಾ. ಮಾಡಿದ್ದು ನಾನು. ಬೇಕೆಂದು ಅಲ್ಲ — ಆದರೆ ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲವಲ್ಲ, ಅದು ಬೇಕೆಂದೇ.

ನಿಮ್ಮ ಮನೆಗೆ ಇಂಟರ್‌ನೆಟ್ ಕೇಬಲ್ ಎಳೆದವನು ನಾನು, ಪ್ರಕಾಶ. ಆ ದಿನ ನೀವು ಹೊಲಿಗೆ ನಿಲ್ಲಿಸಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಿರಿ. ಕೊಟ್ಟಿಗೆಹಾರದ ಮೊಬೈಲ್ ಸಿಗ್ನಲ್‌ನಲ್ಲಿ ವಿಡಿಯೋ ಒಡೆದು ಒಡೆದು ಬರುತ್ತಿತ್ತು. ಕಿವಿ ಕೇಳದ ನಿಮಗೆ, ನಿಮ್ಮಂತೆಯೇ ಕಿವಿ ಕೇಳದ ಗಿರೀಶ್ ಅವರಿಗೆ, ಕೈಬೆರಳು ಸ್ಪಷ್ಟವಾಗಿ ಕಾಣದಿದ್ದರೆ ಮಾತೇ ಇಲ್ಲ. ಅವರು ಶಿವಮೊಗ್ಗದಲ್ಲಿ ಪ್ರೆಸ್ಸಿನ ಕೆಲಸದವರು, ಎರಡೂ ಮನೆಯವರಿಗೆ ಒಪ್ಪಿಗೆ, ಇನ್ನು ಇವರಿಬ್ಬರೂ ಮಾತಾಡಿ ತೀರ್ಮಾನಿಸಬೇಕು ಎಂದು ನಿಮ್ಮ ಅತ್ತಿಗೆ ಜಯಕ್ಕ ಹೇಳಿದ್ದರು.

ನಮ್ಮ ಅಂಗಡಿಯಲ್ಲಿ ಸ್ವಿಚ್ ಎಂಬ ಪೆಟ್ಟಿಗೆ ಇದೆ. ಊರಿನ ಕೇಬಲ್‌ಗಳೆಲ್ಲ ಬಂದು ಸೇರುವುದು ಅಲ್ಲಿ. ಒಂದೊಂದು ಮನೆಯ ಕೇಬಲ್ ಸಿಕ್ಕಿಸಲು ಒಂದೊಂದು ಕಿಂಡಿ, ಅದೇ ಪೋರ್ಟ್. ಯಾವ ಪೋರ್ಟ್ ಹೇಗೆ ನಡೆಯಬೇಕೆಂದು ಸಾಲುಸಾಲಾಗಿ ಬರೆದಿಟ್ಟ ಫೈಲಿಗೆ ಸ್ಕ್ರಿಪ್ಟ್ ಅನ್ನುತ್ತೇವೆ. ಅದನ್ನು ಟಿಎಫ್‌ಟಿಪಿ ಎಂಬ ವಿಧಾನದಲ್ಲಿ ಲ್ಯಾಪ್‌ಟಾಪ್‌ನಿಂದ ಸ್ವಿಚ್ಚಿಗೆ ಕಳಿಸುತ್ತೇವೆ. ಬಹಳ ಸರಳ. ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ಫೈಲಿನ ಹೆಸರು ಕೊಟ್ಟರೆ ಸಾಕು, ಹೋಗಿ ಕೂರುತ್ತದೆ.

ಪಕ್ಕದ ಬಾಳೂರಿಗೆ ಹೊಸ ಸ್ವಿಚ್ ಹಾಕುವ ಮುಂಚೆ ನಾನೊಂದು ಪರೀಕ್ಷೆಯ ಸ್ಕ್ರಿಪ್ಟ್ ಬರೆದಿದ್ದೆ: ಏಳನೇ ಪೋರ್ಟಿನಿಂದ ಹೊರಗೆ ಹೆಚ್ಚು ಡೇಟಾ ಹೋದರೆ ಅದನ್ನು ಸ್ವಲ್ಪ ಹೊತ್ತು ಮುಚ್ಚು, ಆಮೇಲೆ ತೆರೆ. ಮಿತಿ ಕೆಲಸ ಮಾಡುತ್ತದೋ ನೋಡಲಿಕ್ಕೆ, ಅಷ್ಟೇ. ನಮ್ಮೂರಿನ ಸ್ವಿಚ್ಚಿಗೆ ಹೋಗಬೇಕಾದ ಫೈಲ್ ಬೇರೆ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಒಂದು ಮಧ್ಯಾಹ್ನ ಊಟದ ಅವಸರದಲ್ಲಿ ಪರೀಕ್ಷೆಯ ಫೈಲನ್ನೇ ಕಳಿಸಿಬಿಟ್ಟೆ. ತಲುಪಿತು ಎಂದು ಪರದೆಯ ಮೇಲೆ ಬಂತು. ತೆರೆದು ನೋಡಲಿಲ್ಲ.

ನಮ್ಮೂರಿನಲ್ಲಿ ಏಳನೇ ಪೋರ್ಟ್ — ನಿಮ್ಮ ಮನೆ.

ನೀವು ಬ್ಲೌಸಿನ ಡಿಸೈನ್ ಹುಡುಕಿದರೆ, ಸಿನಿಮಾ ನೋಡಿದರೆ ಏನೂ ಆಗುತ್ತಿರಲಿಲ್ಲ. ಅದೆಲ್ಲ ಒಳಗೆ ಬರುವುದು. ನಿಮ್ಮ ಮುಖ, ನಿಮ್ಮ ಕೈ ಹೊರಗೆ ಹೋಗುವಾಗ ಮಾತ್ರ ಅದು ಮುಚ್ಚಿಕೊಳ್ಳುತ್ತಿತ್ತು. ಏನಾಯಿತೆಂದು ನೀವು ನೋಡುವಷ್ಟರಲ್ಲಿ ಮತ್ತೆ ತೆರೆದುಕೊಳ್ಳುತ್ತಿತ್ತು.

ಜಯಕ್ಕ ನಿಮ್ಮನ್ನು ಕರೆದುಕೊಂಡು ಅಂಗಡಿಗೆ ಬಂದರು. "ಮಾತಾಡ್ತಾ ಇರುವಾಗ್ಲೇ ಹೋಗ್ತದೆ ಮಾರಾಯ, ಪ್ರತಿ ಸಲ. ಒಂದ್ಸಲ ಮನೆಗೆ ಬಂದು ನೋಡ್ತೀಯಾ?"

ನಾನು ಕೂತಲ್ಲಿಂದಲೇ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಆ ಗಳಿಗೆಯಲ್ಲಿ ಲೈನ್ ಚೆನ್ನಾಗಿಯೇ ಇತ್ತು. "ನಮ್ಮ ಕಡೆ ಏನೂ ಇಲ್ಲ ಜಯಕ್ಕ" ಎಂದೆ.

ಆಗ ನೀವು ಫೋನಿನಲ್ಲಿ ಬರೆದು ನನ್ನ ಮುಂದೆ ಹಿಡಿದಿರಿ: 'ಕಟ್ ಆಗ್ತಿದೆಯಾ, ಅವರು ಕಟ್ ಮಾಡ್ತಿದ್ದಾರಾ?'

ಗೊತ್ತಿಲ್ಲ ಎನ್ನಬಹುದಿತ್ತು. ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಎಲ್ಲ ಬಲ್ಲವನೆಂದು ಊರು ನನ್ನನ್ನು ನಂಬಿತ್ತು, ನನಗೆ ಅದರ ರುಚಿ ಹತ್ತಿತ್ತು — ನಿಮ್ಮ ಫೋನ್ ತೆಗೆದುಕೊಂಡು ಬರೆದೆ: 'ಅವರೇ ಕಟ್ ಮಾಡ್ತಿದ್ದಾರೆ.'

ನೀವು ಅದನ್ನು ಎರಡು ಸಲ ಓದಿದಿರಿ. ಆಮೇಲೆ ನನಗೆ ಕೈಮುಗಿದು ಹೋದಿರಿ.

'ನಾನಲ್ಲ, ನಿಮ್ಮ ಕಡೆಯಿಂದಲೇ ಹೋಗುತ್ತಿದೆ' ಎಂದು ಗಿರೀಶ್ ಮತ್ತೆ ಮತ್ತೆ ಮೆಸೇಜ್ ಕಳಿಸಿದರಂತೆ. ನೀವು ಅವರನ್ನು ನಂಬಲಿಲ್ಲ. ನನ್ನನ್ನು ನಂಬಿದ್ದಿರಿ. ಎದುರಿಗೆ ಕೂತು ಮಾತಾಡಲು ಮನಸ್ಸಿಲ್ಲದವರ ಜೊತೆ ಬಾಳುವುದು ಹೇಗೆ ಎಂದು ನೀವೇ ಬೇಡ ಅಂದಿರಿ.

ಅದಾದ ಕೆಲವು ವಾರಕ್ಕೆ ಬೇರೆ ಕೆಲಸಕ್ಕೆಂದು ಸ್ವಿಚ್ಚಿನಲ್ಲಿದ್ದ ಫೈಲನ್ನು ತೆರೆದೆ. ಮೊದಲ ಸಾಲು ಓದುವಾಗಲೇ ಗೊತ್ತಾಯಿತು, ಅದು ಬಾಳೂರಿನ ಪರೀಕ್ಷೆಯ ಫೈಲ್. ಅಳಿಸಿದೆ. ಸರಿಯಾದ ಫೈಲ್ ಕಳಿಸಿದೆ. ಯಾರಿಗೂ ತಿಳಿಯಲಿಲ್ಲ.

ಮಾರನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಜಯಕ್ಕ ಸಿಕ್ಕರು. ಲೈನ್ ಹೇಗಿದೆ ಎಂದು ಕೇಳಿದೆ — ಯಾಕೆ ಕೇಳಿದೆನೋ. "ಈಗ ಯಾರಿಗೆ ಬೇಕು ಪ್ರಕಾಶ, ಅವ್ಳು ಅದನ್ನ ಮುಟ್ಟೋದೇ ಇಲ್ಲ" ಎಂದರು. ಗಿರೀಶ್ ಇನ್ನೂ ಮೆಸೇಜ್ ಕಳಿಸುತ್ತಲೇ ಇದ್ದಾರೆ ಎಂದೂ ಹೇಳಿದರು.

ಇನ್ನೂ ಕಳಿಸುತ್ತಲೇ ಇದ್ದರು, ಸುಮಿತ್ರಾ. ಅಲ್ಲೇ ಒಂದು ಮಾತು ಆಡಿದ್ದರೆ — ತಪ್ಪು ನನ್ನದು ಜಯಕ್ಕ ಎಂದಿದ್ದರೆ. ಅಷ್ಟರಲ್ಲಿ ಬಸ್ ಬಂತು. ನಾನು ಅವರ ಚೀಲ ಎತ್ತಿಕೊಟ್ಟೆ.

ಮುಂದಿನ ವರ್ಷ ಗಿರೀಶ್ ಅವರಿಗೆ ಬೇರೆ ಕಡೆ ಮದುವೆಯಾಯಿತು. ನೀವು ಈಗಲೂ ನನ್ನ ಮಗಳ ಲಂಗ ಹೊಲಿದುಕೊಡುತ್ತೀರಿ. ಅಳತೆ ತೆಗೆಯುವಾಗ ಅವಳ ಗಲ್ಲ ಹಿಡಿದು ನಗುತ್ತೀರಿ. ಆಗೆಲ್ಲ ನಾನು ರಸ್ತೆ ನೋಡುತ್ತಾ ನಿಲ್ಲುತ್ತೇನೆ.

ಕ್ಷಮಿಸಿ ಎಂದು ಕೇಳುತ್ತಿಲ್ಲ. ಗಿರೀಶ್ ಅವರಿಗೆ ಇದನ್ನು ತಿಳಿಸಬೇಕೋ ಬೇಡವೋ, ನೀವು ಹೇಳಿದಂತೆ ಮಾಡುತ್ತೇನೆ. ಜಯಕ್ಕನಿಗೆ ನಾನೇ ಹೇಳುತ್ತೇನೆ. ಈ ಹಾಳೆಯನ್ನು ಯಾರ ಕೈಲೂ ಕಳಿಸುವುದಿಲ್ಲ. ನಾಳೆ ಬೆಳಿಗ್ಗೆ ನೀವು ನಿಮ್ಮ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುವಾಗ ನಾನೇ ತಂದು ಕೊಡುತ್ತೇನೆ. ನೀವು ಓದಿ ತಲೆ ಎತ್ತುವವರೆಗೆ ಅಲ್ಲೇ, ನಿಮ್ಮ ಮುಂದೆಯೇ ನಿಂತಿರುತ್ತೇನೆ.