ಬುಟ್ಟಿ ಎತ್ತಲು ಒಂದು ಕೈ

ಬೆಳಗ್ಗೆ ಆರೂವರೆ. ಗಂಡನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟುಹೋದ ಮರುದಿನ. ಜಯನಗರದ ನಮ್ಮ ಗೇಟಿನ ಮುಂದೆ ಅಂಜನಮ್ಮ ಸೊಪ್ಪಿನ ಬುಟ್ಟಿ ಇಳಿಸುತ್ತಾರೆ. ದಂಟು, ಮೆಂತ್ಯ, ಸಬ್ಬಸಿಗೆ. ಒಬ್ಬಳಿಗೆ ಎಷ್ಟು ಬೇಕೆಂದು ನನಗೆ ಗೊತ್ತಾಗುವುದಿಲ್ಲ. ಅವರೇ ಒಂದು ಕಟ್ಟು ಮೆಂತ್ಯ ಎತ್ತಿಡುತ್ತಾರೆ.

ಅಂಜನಮ್ಮನಿಗೆ ಐವತ್ತೆಂಟು ವರ್ಷ. ತಲಘಟ್ಟಪುರದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಬುಟ್ಟಿಯ ತೂಕ ಇಪ್ಪತ್ತೆರಡು ಕಿಲೋ. ದಿನಕ್ಕೆ ಮೂವತ್ತೊಂದು ಸಲ ಅದನ್ನು ತಲೆಯಿಂದ ಇಳಿಸಿ ಮತ್ತೆ ಏರಿಸುತ್ತಾರೆ. ಇದನ್ನು ಎಣಿಸಿದ್ದು ನನ್ನ ಗಂಡ ಸುಶ್ರುತ. ಒಂದು ವಸ್ತುವನ್ನು ರೂಪಿಸುವ ಮೊದಲು ಅದನ್ನು ಬಳಸುವವರ ದಿನವನ್ನು ನೋಡುವುದು ಅವನ ಕೆಲಸವಾಗಿತ್ತು.

ಆದರೂ ಮೊದಲು ಅವನ ತಂಡ ನೋಡದೆಯೇ ಒಂದು ತಳ್ಳುಗಾಡಿ ಮಾಡಿತು.

"ಸಖತ್ತಾಗಿತ್ತು ಗಾಡಿ. ಮದ್ವೆ ಗಂಡನ್ನೇ ಕೂರಿಸ್ಬೋದಿತ್ತು," ಅಂಜನಮ್ಮ ನಗುತ್ತಾರೆ. "ಬಸ್ಸಿಗೆ ಹೆಂಗೆ ಹತ್ಸೋದು ಸಾರ್ ಅಂದೆ. ತಲೆ ಕೆರ್ಕೊಂಡ್ರು."

ಆಮೇಲೆ ಅವನು ಮೂರು ವಾರ ಅವರ ಹಿಂದೆ ನಡೆದ. ಹೊರುವುದು ಅವರಿಗೆ ಕಷ್ಟವಲ್ಲ. ಇಳಿಸಿದ್ದನ್ನು ಮತ್ತೆ ಎತ್ತಲು ಇನ್ನೊಬ್ಬರು ಬೇಕು. ಮೂವತ್ತೊಂದರಲ್ಲಿ ಒಂಬತ್ತು ಸಲ ಬೀದಿಯಲ್ಲಿ ಯಾರೂ ಇರುವುದಿಲ್ಲ.

"ಮೊದ್ಲು ಬಾಗ್ಲಲ್ಲಿ ಯಾರಾದ್ರೂ ಇರೋರು. ಈಗ ಗೇಟು, ಕ್ಯಾಮೆರಾ. ಕೂಗಿ ಕೂಗಿ ಸಾಕಾಗಿ ಬುಟ್ಟಿ ಪಕ್ಕ ನಾನೂ ಕೂತ್ಕೋತೀನಿ."

ಅವನು ಕಂಡುಕೊಂಡ ಉತ್ತರ ಒಂದು ಕಲ್ಲುಚಪ್ಪಡಿ. ಎದೆಮಟ್ಟದ ಎತ್ತರ, ಬುಟ್ಟಿಯನ್ನು ಅದರ ಮೇಲೆ ಜಾರಿಸಬಹುದು, ಅಲ್ಲಿಂದ ಒಬ್ಬರೇ ತಲೆಗೆ ತೆಗೆದುಕೊಳ್ಳಬಹುದು. ಮೂಲೆಮನೆಯ ನಿವೃತ್ತ ಮೇಷ್ಟ್ರು ಸಂಜೀವಯ್ಯ ತಮ್ಮ ಕಾಂಪೌಂಡಿಗೆ ತಾಗಿಸಿ ಅದನ್ನು ಹಾಕಿಸಿದ್ದಾರೆ. ಈಗ ಇಸ್ತ್ರಿಯವರು ಬಟ್ಟೆಗಂಟು ಇಡುತ್ತಾರೆ. ಬೆನ್ನುನೋವಿನ ಸಂಜೀವಯ್ಯ ತರಕಾರಿ ಚೀಲ ಇಟ್ಟು ಉಸಿರು ತೆಗೆದುಕೊಳ್ಳುತ್ತಾರೆ.

"ಪಾರ್ಕ್ ಹತ್ರ ಇನ್ನೊಂದಿದ್ರೆ ಸಾಕು," ಎನ್ನುತ್ತಾರೆ ಅಂಜನಮ್ಮ. "ಅಲ್ಲಿ ನರಪಿಳ್ಳೆ ಸಿಗಲ್ಲ."

ಅದಕ್ಕೆ ಸುಶ್ರುತ ಪಾಲಿಕೆಗೆ ಬರೆದ ಅರ್ಜಿ ಮೇಜಿನ ಮೇಲಿದೆ. ಸಹಿ ಆಗಿಲ್ಲ. ನಾನು ಮಾಡಿ ಕಳಿಸಬೇಕು.

ಅವರು ಟವೆಲ್ ಸುತ್ತಿ ತಲೆಯ ಮೇಲಿಡುತ್ತಾರೆ. "ಒಂದು ಕೈ ಕೊಡಿ ಅಕ್ಕಾ."

ನಾನು ಹಿಂದೆ ಸರಿಯುತ್ತೇನೆ. "ದಿನದ ಮೊದಲ ಮನೆ ಅಂಜನಮ್ಮ. ನಾನು ಬೇಡ. ಎದುರುಮನೆಯವರನ್ನ ಕರೀತೀನಿ."

"ಇಪ್ಪತ್ತೆರಡು ಕಿಲೋಗೆ ಅದೆಲ್ಲ ಗೊತ್ತಾಗತ್ತಾ? ಹಿಡೀರಿ."

ಒಂದು ನಿಮಿಷ ಎಂದು ಒಳಗೆ ಹೋಗುತ್ತೇನೆ. ಅರ್ಜಿಯ ಪಕ್ಕದಲ್ಲೇ ಅವರ ಸಿಂಬೆ ಇದೆ. ಅವರ ತಾಯಿಯ ಸೀರೆ ಹರಿದು ಸುತ್ತಿದ್ದು. ಭಾರ ಎಲ್ಲಿ ಬೀಳುತ್ತದೆಂದು ತಿಳಿಯಲು ಸುಶ್ರುತ ಕೇಳಿ ತಂದಿದ್ದ. ಎಡಭಾಗ ಸವೆದಿದೆ. ಅವನ ಅಕ್ಷರದ ಚೀಟಿಯನ್ನು ಅದಕ್ಕೆ ಪಿನ್ನು ಹಾಕಿ ಸಿಕ್ಕಿಸಿದೆ: 'ಅಂಜನಮ್ಮನವರದು. ವಾಪಸ್ ಕೊಡಬೇಕು.'

ಚೀಟಿ ಬಿಡಿಸಿ ಇಟ್ಟುಕೊಳ್ಳುತ್ತೇನೆ. ಹೊರಗೆ ಬಂದು ಟವೆಲ್ ತೆಗೆದು ಸಿಂಬೆಯನ್ನು ಅವರ ತಲೆಯ ಮೇಲೆ ಇಡುತ್ತೇನೆ. ಅವರು ಮುಟ್ಟಿ ನೋಡಿ ಸ್ವಲ್ಪ ಎಡಕ್ಕೆ ಸರಿಸಿಕೊಳ್ಳುತ್ತಾರೆ. ಇಬ್ಬರೂ ಬುಟ್ಟಿ ಹಿಡಿದು ಎತ್ತುತ್ತೇವೆ.

"ನಾಳೆನೂ ಇದೇ ಟೈಮಿಗೆ ಬರ್ತೀನಿ," ಎನ್ನುತ್ತಾರೆ. "ಗೇಟ್ ಹಾಕ್ಬೇಡಿ."