ನೀಲಿಯ ಮಲಗಿದ ಎತ್ತು

ನಾವು ಸಣ್ಣವರಿದ್ದಾಗ ಸಾಲಿ ಅಂದರೆ ಹೆದರಿಕೆ. ಬಾಲವಾಡಿ ಮಾತ್ರ ಹಾಗಿರಲಿಲ್ಲ. ರೋಣದ ಕಡೆಯ ನಮ್ಮೂರಿಗೆ ಅದು ಐವತ್ತರ ದಶಕದಲ್ಲಿ ಬಂತು. ಅದು ನಡೆಯಲು ನಮ್ಮದೊಂದು ಖೋಲಿ ಕೊಟ್ಟವನು ನನ್ನ ಅಪ್ಪ. ಸೆಗಣಿ ಸಾರಿಸಿದ ನೆಲ, ಹಸಿ ಎರಿಮಣ್ಣಿನ ವಾಸನೆ, ಹತ್ತು ಗಂಟೆಗೆ ಹೆಸರುಕಾಳಿನ ಉಸುಳಿ. ಕಲಿಸಲು ಬಂದ ಅಕ್ಕೋರು ಯಾವ ಮಾದರಿಯನ್ನೂ ತೋರಿಸುತ್ತಿರಲಿಲ್ಲ. ಮಣ್ಣು ಕೊಟ್ಟು, ನೀವು ಕಂಡದ್ದನ್ನು ಮಾಡಿರೆಂದು ಸುಮ್ಮನೆ ಕೂಡುತ್ತಿದ್ದರು.

ಮಣ್ಣೆತ್ತಿನ ಅಮಾವಾಸ್ಯೆಗೆ ನಾಲ್ಕು ದಿನವಿತ್ತು. ಅಂದು ಮನೆಮನೆಯಲ್ಲೂ ಮಣ್ಣಿನ ಎತ್ತಿಗೆ ಪೂಜೆ. ನಮ್ಮ ಹೊಲದ ಆಳಿನ ಮಗಳು ನೀಲಿ, ಕಾಲು ಮಡಿಸಿ ಮಲಗಿದ ಎತ್ತನ್ನು ಮಾಡಿದಳು. ಕೊರಳು ಒಂದು ಕಡೆ ವಾಲಿತ್ತು.

"ಬಿದ್ದೈತೇನ?" ಎಂದು ಚಾಷ್ಟಿ ಮಾಡಿದೆ.

"ಮೆಲಕ ಹಾಕಾಕತ್ತೈತಿ. ನಿನಗ ಕಣ್ಣಿಲ್ಲೇನ?" ಎಂದಳು.

ಅಕ್ಕೋರು ಅದನ್ನು ಗೋಡೆಯ ಗೂಡಿನಲ್ಲಿಟ್ಟರು. ನನ್ನದು ನೆಲದ ಮೇಲೇ ಉಳಿಯಿತು.

ಮನೆಗೆ ಹೋಗಿ, ಬಾಲವಾಡಿಯಲ್ಲಿ ಸತ್ತ ಎತ್ತು ಮಾಡಿಸಿ ಗೂಡಿನಲ್ಲಿಟ್ಟಿದ್ದಾರೆಂದು ಹೇಳಿದೆ. ಬಿತ್ತಿಗೆಯ ದಿನಗಳು, ಹಬ್ಬ ಮುಂದಿತ್ತು. ಅಪಶಕುನವೆಂದು ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಮರುದಿನ ಅಪ್ಪ ಖೋಲಿಗೆ ಬಂದ. ಕೂಸು ಕೊಟ್ಟಿಗೆಯಲ್ಲಿ ಕಂಡದ್ದನ್ನು ಮಾಡಿದೆ, ತಿದ್ದಿದರೆ ಕಾಣುವುದನ್ನೇ ಬಿಡುತ್ತದೆ ಎಂದು ಅಕ್ಕೋರು ತಿಳಿಸಿ ಹೇಳಿದರು. ಅಪ್ಪ ನನ್ನ ಕಡೆ ತಿರುಗಿದ.

"ಖರೇ ಹೇಳು. ಅದು ಸತ್ತೈತೇನ?"

ನೀಲಿ ನನ್ನ ಬಾಯನ್ನೇ ನೋಡುತ್ತಿದ್ದಳು. ನನಗೆ ಎಲ್ಲ ಗೊತ್ತಿತ್ತು.

"ಹೌದಪಾ, ಸತ್ತೈತಿ" ಎಂದೆ.

"ಅಕ್ಕೋರ, ಖೋಲಿ ಬೇಕಂದ್ರ ಎಲ್ಲಾರ ಕಡಿಂದ ಒಂದ ನಮೂನಿ ನಿಂತ ಎತ್ತು ಮಾಡಸ್ರಿ" ಎಂದು ಹೇಳಿ ಅಪ್ಪ ಹೋದ.

ಅಕ್ಕೋರು ನನ್ನನ್ನು ಬೈಯಲಿಲ್ಲ. ಗೂಡಿನ ಎತ್ತನ್ನು ಇಳಿಸಿ, ನೀರು ಹಾಕಿ ಕಲಸಿ, ಅದೇ ಮಣ್ಣಿನಿಂದ ತಾವೇ ಒಂದು ನಿಂತ ಎತ್ತು ಮಾಡಿ ನಮ್ಮ ಮುಂದಿಟ್ಟರು. ಎಲ್ಲರೂ ನೋಡಿ ಮಾಡಿದೆವು. ನೀಲಿಯೂ ಮಾಡಿದಳು. ನನಗೇನೂ ಅನಿಸಲಿಲ್ಲ.

ಮುಂದೆ ಮ್ಯಾಟ್ರಿಕ್ ತನಕ ಓದಿದೆ. ಇದ್ದದ್ದನ್ನು ಇದ್ದಹಾಗೆ ನೋಡಿ ಬರೆಯುವುದರಲ್ಲಿ ನಾನೇ ಮುಂದು. ಸ್ವಂತದ್ದೊಂದು ಬರೆ ಎಂದರೆ ಕೈ ಏಳುತ್ತಿರಲಿಲ್ಲ. ನೀಲಿ ಮರುವರ್ಷವೇ ಕಳೆ ತೆಗೆಯಲು ಹೋದಳು. ಅವಳಾಗಲಿ ಅಕ್ಕೋರಾಗಲಿ ಈಗ ಇಲ್ಲ. ಅವರಿದ್ದಾಗ ನನ್ನ ಸುಳ್ಳನ್ನು ನಾನು ಒಪ್ಪಿಕೊಳ್ಳಲಿಲ್ಲ. ಈಗ ಅಳಬೇಕೆಂದರೂ ಅಳು ಬರುವುದಿಲ್ಲ.

ಆ ವರ್ಷದ ಅಮಾವಾಸ್ಯೆಯ ಮುಂಜಾನೆ, ಪೂಜೆಗೆ ಎತ್ತು ಒಯ್ಯಲು ಬಾಲವಾಡಿಗೆ ಹೋದಾಗ, ನೀಲಿ ಸಾಲಾಗಿ ಇಟ್ಟ ಎತ್ತುಗಳ ಮುಂದೆ ಬಹಳ ಹೊತ್ತು ನಿಂತಳು. ತನ್ನದು ಯಾವುದೆಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದಳು.